ಕೆಂಪು ಚಿಂದಿ

ಎಂಟು ತಿಂಗಳ ಬಸುರಿ ಅಕುವಿಯನ್ನು ಹಾವಿನ ಕೊಟ್ಟಿಗೆಯ ನೆರಳಿನಿಂದ ತೆಗೆದು ಬಾವಿಯ ನೀರು ಹೊರಲು ಹಾಕಿದರು. ಒಂಬತ್ತು ವರ್ಷ ಅವಳು ನೋಡಿಕೊಂಡಿದ್ದ, ಮಾರಾಟಕ್ಕೆಂದು ಸಾಕುವ ಹೆಬ್ಬಾವುಗಳ ಪೆಟ್ಟಿಗೆಗಳು ಯಜಮಾನ ಅಗ್ಬೆಕೊನ ಭಾವಮೈದುನ ಕೊಮ್ಲಾನ ಪಾಲಾದವು.

ಮೊಟ್ಟೆ ಕಟ್ಟಿದ ಹಾವಿನ ಪೆಟ್ಟಿಗೆಗೆ ಕೆಂಪು ಚಿಂದಿ ಕಟ್ಟುವುದು ಅಲ್ಲಿನ ಪದ್ಧತಿ. ಚಿಂದಿ ಇದ್ದದ್ದನ್ನು ಎತ್ತಬಾರದು, ಸರಿಸಬಾರದು, ಅದರೆದುರು ದನಿ ಏರಿಸಬಾರದು ಎಂದು ಅಗ್ಬೆಕೊ ಗೋಡೆಯ ಮೇಲೆ ಡಾಂಬರಿನಲ್ಲಿ ಸ್ವತಃ ಬರೆದಿದ್ದ. ಕೊಮ್ಲಾ ಚಿಂದಿ ಕಟ್ಟಿದ ನಾಲ್ಕನೇ ಪೆಟ್ಟಿಗೆಯ ಮುಂದೆ ಎಲ್ಲರೂ ತುದಿಗಾಲಲ್ಲಿ ಓಡಾಡುತ್ತಿದ್ದರು. ಅಗ್ಬೆಕೊ ಸೀನುವುದಕ್ಕೂ ಅಂಗಳಕ್ಕೆ ಓಡುತ್ತಿದ್ದ. ಆದರೂ ಮೊಟ್ಟೆ ಬರಲಿಲ್ಲ. ಮರುದಿನ ಲೊಮೆ ಪಟ್ಟಣದಿಂದ ವ್ಯಾಪಾರಿ ಮೊಟ್ಟೆ ಕಟ್ಟಿದ ಹಾವು ನೋಡಲು ಬರುವವನಿದ್ದ. ವಿಧಿಯಿಲ್ಲದೆ ಅಕುವಿಗೆ ಕರೆ ಹೋಯಿತು.

“ಚಿಂದಿ ಕಟ್ಟಿ ಎಷ್ಟು ದಿನ ಆಯ್ತು?” ಬಿಂದಿಗೆ ಇಳಿಸಿ ಕೇಳಿದಳು.

“ಪೊರೆ ಬಿಟ್ಟ ದಿನಾನೇ ಕಟ್ದೆ. ಪೊರೆ ಬಿಟ್ಟ ತಿಂಗಳಿಗೆ ಮೊಟ್ಟೆ ಇಡ್ಬೇಕಿತ್ತು, ನಲವತ್ತೆರಡು ದಿನ ಆಯ್ತು,” ಕೊಮ್ಲಾ ಪಿಸುಗುಟ್ಟಿದ. “ಪಾಪ, ಇಲಿ ಕೊಟ್ರೂ ಮುಖ ತಿರುಗಿಸ್ತಾಳೆ.”

ಅಕುವಿ ಮುಚ್ಚಳ ತೆಗೆದು ಹಾವಿನ ಬಾಲದ ಬುಡವನ್ನು ಮಗುಚಿದಳು. ಎರಡೂ ಕಡೆ ಹುಂಜದ ಕಾಲಿನದರಂತೆ ದಪ್ಪ ಮುಳ್ಳು.

“ಇನ್ನು ನಲವತ್ತು ವರ್ಷ ಕಾದ್ರೂ ಇದು ಹೆರಲ್ಲ, ಕೊಮ್ಲಣ್ಣ. ಗಂಡು.”

“ಮತ್ತೆ ಊಟ ಬಿಟ್ಟಿದ್ದು?”

“ಹೆಣ್ಣಿನ ಧ್ಯಾನ. ಹಂಗಾಮಲ್ಲಿ ಎಲ್ಲಾ ಗಂಡಿಗೂ ಇದ್ದದ್ದೇ. ಮದುವೆಗೆ ಮುಂಚೆ ನೀನೂ ಜೋಳದ ಮುದ್ದೆ ಮುಟ್ತಿರ್ಲಿಲ್ವಂತೆ, ನಿನ್ನ ಹೆಂಡ್ತಿ ಹೇಳ್ತಿದ್ಲು.”

ಒಂದೊಂದೇ ಮುಚ್ಚಳ ತೆಗೆಯುತ್ತ ಹೋದಳು. ಹನ್ನೊಂದನೇ ಪೆಟ್ಟಿಗೆಯ ಮೇಲೆ ಯಾರೋ ಮುರುಕು ಬುಟ್ಟಿಗಳನ್ನು ಪೇರಿಸಿದ್ದರು. ಒಳಗೊಂದು ಹೆಣ್ಣು, ತಂಪಿಗೆಂದು ನೀರಿನ ಬಟ್ಟಲನ್ನು ತಬ್ಬಿ, ಹೊಟ್ಟೆ ಅರ್ಧ ಮೇಲಾಗಿ ಮಲಗಿತ್ತು. ಮೈಬಣ್ಣ ತಿಳಿಯಾಗಿ ಹೊಳೆಯುತ್ತಿತ್ತು. ಬಾಲದ ಕಡೆಯ ಮೈ ಉಬ್ಬಿಕೊಂಡಿತ್ತು.

“ಇವಳು,” ಅಂದಳು. “ಒಂದು ವಾರದೊಳಗೆ ಇಡ್ತಾಳೆ. ಇವಳ ತಲೆ ಮೇಲೆ ನೀವು ಸಾಮಾನು ಹೇರಿದ್ದೀರಿ.”

ಅಗ್ಬೆಕೊ ತಾನೇ ಬುಟ್ಟಿಗಳನ್ನು ಇಳಿಸಿ, ಉಸಿರು ಬಿಗಿಹಿಡಿದು ಚಿಂದಿ ಕಟ್ಟಿದ. ಆಮೇಲೆ ಅಕುವಿಯ ಕಡೆ ತಿರುಗಿದ.

“ಸರಿ, ನಿನ್ನ ಕೆಲ್ಸ ಆಯ್ತಲ್ಲ. ತೊಟ್ಟಿ ಖಾಲಿಯಿದೆ. ಹೊರಡು.”

ಅಕುವಿ ಮೊಳೆಗೆ ನೇತುಹಾಕಿದ್ದ ಚಿಂದಿಗಳಲ್ಲಿ ಒಂದನ್ನು ಎಳೆದುಕೊಂಡಳು. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಮುಂಗೈಗೆ ಕಟ್ಟಿಕೊಂಡಳು. ನೀರಿನ ಹಂಡೆಯ ತಂಪಿಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲಕ್ಕೆ ಕೂತಳು.

“ಏನಿದು ಆಟ?”

“ಗೋಡೆ ಓದಿ, ಯಜಮಾನ್ರೆ. ನಿಮ್ಮದೇ ಬರಹ.”

ಅಗ್ಬೆಕೊ ಗದರಲು ಬಾಯಿ ತೆರೆದ. ಕಣ್ಣು ಚಿಂದಿಯ ಮೇಲೆ ಬಿತ್ತು. ನಲವತ್ತೆರಡು ದಿನದ ಅಭ್ಯಾಸ, ದನಿ ತಾನಾಗಿ ಪಿಸುಮಾತಿಗೆ ಇಳಿಯಿತು.

“ಮತ್ತೆ... ನೀರು?”

“ತರಲ್ಲ,” ಅಂದಳು ಅಕುವಿ, ಇಡೀ ಕೊಟ್ಟಿಗೆಗೆ ಕೇಳುವ ಹಾಗೆ.