ಅಗ್ಗದ ಪಿಯಾನೊ

"ಡಿಜಿಟಲ್ ಪಿಯಾನೊ ಆದರೂ ಒತ್ತಿದಾಗ ಕೀ ಸ್ವಲ್ಪ ಭಾರ ಇರಬೇಕು ಸರ್. ಆಗಲೇ ಬೆರಳು ಪಳಗೋದು," ಎಂದ ಅಂಗಡಿಯವನು.

"ನನ್ನ ಮಗಳು ಕುಸ್ತಿ ಆಡ್ತಾಳೇನ್ರಿ? ಅಗ್ಗದ್ದು ತೋರಿಸಿ," ಎಂದು ಅಪ್ಪ ಮೂಗು ಮುರಿದ.

"ಇದು ಅಗ್ಗದ್ದು. ಕೀ ಹಗುರ, ಆದರೆ ಒಳಗೇ ನೂರು ಹಾಡು ಇವೆ."

"ಇದನ್ನೇ ಕೊಡಿ."

ಭಾನುವಾರ ನೆಂಟರ ಮುಂದೆ ಮಗಳ ಬೆರಳುಗಳು ಕೀಗಳ ಮೇಲೆ ಸರಸರ ಓಡಿದವು. ಎಲ್ಲರೂ ತಲೆದೂಗಿದರು.

"ನಿಮ್ಮ ಮಗಳು ಇನ್ನೂ ಸರಿಗಮದಲ್ಲೇ ಇದ್ದಾಳಾ ಭಾವ?" ಎಂದು ಅಪ್ಪ ತುಟಿ ಕೊಂಕಿಸಿದ. "ಮೇಷ್ಟ್ರು, ದುಬಾರಿ ಪಿಯಾನೊ, ಎಲ್ಲ ದಂಡ. ನಮ್ಮವಳು ನೋಡಿ, ಒಂದೇ ವಾರ."

ಅಷ್ಟರಲ್ಲಿ ಅಜ್ಜಿ ಒಳಗೆ ಬಂದರು. ಹಿರಿಯರು ಬಂದರೆ ಎದ್ದು ನಮಸ್ಕಾರ ಮಾಡಬೇಕೆಂದು ಅಪ್ಪನೇ ಕಲಿಸಿದ್ದ. ಮಗಳು ಎದ್ದು ಹೋಗಿ ಅಜ್ಜಿಯ ಕಾಲು ಮುಟ್ಟಿದಳು.

ಪಿಯಾನೊ ನುಡಿಯುತ್ತಲೇ ಇತ್ತು.