ಮಿಗಾಳ ಹೊಟ್ಟೆ

ಡಾಕ್ಟರ್ ಬೆಂತಾಂಕೋರ್ ಜಾಡಿಯ ಮುಚ್ಚಳ ತೆಗೆದು ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ಮರದ ಕಡ್ಡಿಯ ತುದಿಗೆ ಒಂದಿಷ್ಟು ಬಳಿದುಕೊಂಡು ನಾಲಿಗೆಯ ಮೇಲಿಟ್ಟರು.

ಸುಲ್ಮಾಳ ಕೈಲಿದ್ದ ಚೀಲ ನೆಲಕ್ಕೆ ಬಿತ್ತು. ಪರೀಕ್ಷೆಗೆಂದು ಅವಳು ಜಾಡಿಯಲ್ಲಿ ತಂದಿದ್ದು ಬೆಕ್ಕಿನ ಮರಿಯ ಮಲ.

"ಡಾಕ್ಟರೇ! ಏನ್ ಮಾಡ್ತಿದ್ದೀರಿ!"

"ದುಲ್ಸೆ ತಿಂತಿದ್ದೀನಿ," ಎಂದರು ಅವರು ಕಡ್ಡಿ ಚೀಪುತ್ತಾ. "ಮನೇಲಿ ಮಾಡಿದ್ದಲ್ವಾ? ಹದವಾಗಿದೆ. ವೆನಿಲ್ಲಾ ಮಾತ್ರ ಸುರಿದುಬಿಟ್ಟಿದ್ದಾರೆ, ಮೂಗಿಗೆ ಹೊಡೀತು. ಈಗ ಹೇಳಿ, ಮರಿದು ಎಲ್ಲಿ?"

ಸುಲ್ಮಾ ಜಾಡಿಯನ್ನೇ ನೋಡಿದಳು. ಅದೇ ಗಾಜು, ಅದೇ ಕಂದು ಬಣ್ಣ. ಹಾಲು ಸಕ್ಕರೆ ಕುದಿಸಿ ಅತ್ತೆ ಎಲಿದಾ ದುಲ್ಸೆ ಮಾಡುತ್ತಿದ್ದರು. ಅದರ ಖಾಲಿ ಜಾಡಿಗಳೇ ಆ ಮನೆಯಲ್ಲಿ ಉಪ್ಪಿಗೆ, ಗುಂಡಿಗೆ, ಮೊಳೆಗೆ, ಎಲ್ಲಕ್ಕೂ. ಬೆಳಿಗ್ಗೆ ಅಂಥದ್ದೊಂದನ್ನು ಕುದಿಸಿ ತೊಳೆದು, ಮರಿ ಮಿಗಾಳ ಮಲ ತುಂಬಿದ್ದಳು. ತಣ್ಣಗಿರಬೇಕು ಎಂದು ಡಾಕ್ಟರು ಹೇಳಿದ್ದರಿಂದ, ಯಾರ ಕಣ್ಣಿಗೂ ಬೀಳದಂತೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನ ತಳದಲ್ಲಿ, ಸೊಪ್ಪಿನ ಹಿಂದೆ ಇಟ್ಟಿದ್ದಳು. ಮಧ್ಯಾಹ್ನ ಅಲ್ಲೇ ಕೈಹಾಕಿ ಪೇಪರ್ ಸುತ್ತಿದ ಜಾಡಿ ಎತ್ತಿಕೊಂಡು ಬಂದಿದ್ದಳು. ಅದೇ ಮೂಲೆಯಲ್ಲಿ ಇನ್ನೊಬ್ಬರೂ ಏನನ್ನಾದರೂ ಹೀಗೇ ಬಚ್ಚಿಟ್ಟಿರಬಹುದು ಎಂದು ಹೊಳೆದಿರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ದುಲ್ಸೆ ಮಾಡಿ ನೆಂಟರಿಗೆ ಕೊಡಬಹುದು, ತಾವು ಮುಟ್ಟುವಂತಿಲ್ಲ ಎಂದು ಮಗ ಕಟ್ಟಪ್ಪಣೆ ಮಾಡಿದ್ದ.

"ನನ್ನಿಂದ ಒಂದು ಕೆಲಸಾನೂ ನೆಟ್ಟಗೆ ಆಗಲ್ಲ," ಎಂದಳು ಸುಲ್ಮಾ, ಜಾಡಿ ಅದಲುಬದಲಾದ ಕಥೆ ಹೇಳಿ ಮುಗಿಸಿ. "ಶನಿವಾರ ಮರೀನ ಕೊಟ್ಟ ಪ್ರಾಣಿ ಆಶ್ರಯಧಾಮದವರು ನೋಡೋಕೆ ಬರ್ತಾರೆ. ಹೊಟ್ಟೆ ಸರಿಹೋಗಿರದಿದ್ರೆ ಮರೀನ ವಾಪಸ್ ಒಯ್ತಾರಂತೆ. ನೀವು ಹೇಳಿದ ಹಾಗೇ ಮಾಡಿದ್ದೀನಿ ಡಾಕ್ಟರೇ. ಹಳೇ ಆಹಾರದ ಜೊತೆ ಹೊಸದನ್ನ ಸ್ವಲ್ಪಸ್ವಲ್ಪವೇ ಬೆರೆಸಿದೆ. ಜಂತಿನ ಔಷಧಿ ಕೊಟ್ಟೆ. ಹಾಲಂತೂ ತೋರಿಸೇ ಇಲ್ಲ. ಆದ್ರೂ ದಿನಾ ಮೆತ್ತಗೆ, ಗಂಜಿ ಥರ."

"ಹೊಸ ಮನೆಗೆ ಬಂದ ಮರಿಗೆ ಮೊದಮೊದಲು ಹಾಗಾಗುತ್ತೆ. ಇಷ್ಟು ದಿನ ಆಗಲ್ಲ. ಆಟ ಆಡುತ್ತೆ, ತೂಕ ಇಳಿದಿಲ್ಲ. ಯಾರೋ ಕದ್ದು ಏನೋ ತಿನ್ನಿಸ್ತಿದ್ದಾರೆ ನೋಡಿ."

"ಯಾರು ತಿನ್ನಿಸ್ತಾರೆ? ಹಗಲೆಲ್ಲ ಮನೇಲಿ ಅತ್ತೆ ಒಬ್ರೇ. ಅವರು ಬೆಕ್ಕು ಕಂಡ್ರೆ ಕಾಲು ಮೇಲೆತ್ತಿ ಕೂರೋರು. ಪಕ್ಕದಲ್ಲೇ ಪೊರಕೆ ಇಟ್ಕೊಂಡಿರ್ತಾರೆ."

"ಸರಿ ಹಾಗಾದ್ರೆ. ಮರಿದು ಈಗ ಫ್ರಿಜ್ಜಲ್ಲಿ ಪೇಪರ್ ಸುತ್ಕೊಂಡು ಕೂತಿದೆ ಅಂತಾಯ್ತು..." ಡಾಕ್ಟರು ಅಷ್ಟಕ್ಕೇ ನಿಲ್ಲಿಸಿದರು. ಕಡ್ಡಿ ಬಾಯಿಂದ ತೆಗೆದರು. "ಅಮ್ಮಾ, ಆ ಇನ್ನೊಂದು ಜಾಡಿಗೆ ನಿಮ್ಮತ್ತೆ ಕೈಹಾಕೋದು ಎಷ್ಟೊತ್ತಿಗೆ?"

ಸುಲ್ಮಾ ಅಲ್ಲಿಂದಲೇ ಮನೆಗೆ ಮಾಡಿದ ಫೋನು ಹೊಡೆದುಕೊಂಡೇ ಹೊಡೆದುಕೊಂಡಿತು. ಅದು ರೇಡಿಯೋ ನಾಟಕದ ಹೊತ್ತು. ಮನೆಗೆ ಬೆಂಕಿ ಬಿದ್ದರೂ ಎಲಿದಾ ಏಳುವವರಲ್ಲ. ಸುಲ್ಮಾ ಓಡಿದಳು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಕಷಾಯ ಕುಡಿಯುವ ಸೋರೆಬುರುಡೆ ಹಿಡಿದು ನದಿಯತ್ತ ಹೊರಟವರೊಬ್ಬರು, "ಏನಮ್ಮಾ, ಕಿತ್ತಳೆ ಕೀಳೋಕೆ ಹೋಗೋ ಲಾರಿ ಬಿಟ್ಟುಹೋಯ್ತಾ?" ಎಂದು ನಕ್ಕರು. ವಾಸನೆಯಿಂದಾದರೂ ಅತ್ತೆಗೆ ತಿಳಿದೀತು, ಎಂದುಕೊಂಡಳು ಸುಲ್ಮಾ. ಮರುಕ್ಷಣವೇ ನೆನಪಾಯಿತು. ಹೋದ ಚಳಿಗಾಲ ಜ್ವರ ಬಂದು ಹೋದಾಗಿನಿಂದ ಅತ್ತೆಯ ಮೂಗಿಗೆ ಯಾವ ವಾಸನೆಯೂ ತಿಳಿಯದು. ಅದಕ್ಕೇ ಅಲ್ಲವೇ ವೆನಿಲ್ಲಾ ಸುರಿಯುವುದು.

ಅಡಿಗೆಮನೆಯಲ್ಲಿ ರೇಡಿಯೋದೊಳಗಿನ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಎಲಿದಾ ನೆಲದಲ್ಲಿ ಮೊಣಕಾಲೂರಿ ಕೂತಿದ್ದರು. ಪೊರಕೆ ದೂರ ಬಿದ್ದಿತ್ತು. ಪಕ್ಕದಲ್ಲಿ ಬಿಚ್ಚಿದ ಪೇಪರು, ಮುಚ್ಚಳ ತೆಗೆದ ಜಾಡಿ. ಸೊಸೆಯನ್ನು ಕಂಡದ್ದೇ ಕೈಯಲ್ಲಿದ್ದ ಚಮಚ ಬೆನ್ನ ಹಿಂದೆ ಹೋಯಿತು.

"ನನಗಲ್ಲ ಕಣೆ! ನನ್ ಮಗನಿಗೆ ಚಾಡಿ ಹೇಳ್ಬೇಡ. ಇವಳಿಗೆ. ದಿನಾ ಒಂದು ಚಮಚ, ನೀನು ಆಚೆ ಹೋದಾಗ."

"ಮಿಗಾಗಾ? ನಿಮಗೆ ಬೆಕ್ಕು ಕಂಡ್ರೇ ಆಗಲ್ವಲ್ಲ ಅತ್ತೆ!"

"ಆಗಲ್ಲ. ಹಾಗಂತ ಉಪವಾಸ ಕೆಡವಲಾ? ನೀನು ಆ ಒಣ ಉಂಡೆ ಹಾಕಿ ಹಾಕಿ ಮಗು ಸೊರಗಿಹೋಯ್ತು. ಶನಿವಾರ ಒಯ್ತಾರೆ ಅಂದ್ಯಲ್ಲ, ಅವತ್ತಿಂದ ಎರಡು ಚಮಚ ಕೊಡ್ತಿದ್ದೆ. ಹೋಗೋ ತನಕ ಆದ್ರೂ ಸಿಹಿ ತಿಂದ್ಕೊಂಡಿರ್ಲಿ ಅಂತ."

ಸುಲ್ಮಾ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಇಷ್ಟು ದಿನ ತನ್ನಲ್ಲೇ ಹುಡುಕಿ ಹುಡುಕಿ ಸೋತ ತಪ್ಪು ಈ ಚಮಚದ ತುದಿಯಲ್ಲಿತ್ತು! ಹಾಗಾದರೆ ಮಿಗಾ ಎಲ್ಲಿಗೂ ಹೋಗಬೇಕಾಗಿಲ್ಲ. ಅಳಬೇಕೋ ನಗಬೇಕೋ ತಿಳಿಯುವಷ್ಟರಲ್ಲಿ ಕಣ್ಣು ನೆಲಕ್ಕೆ ಹೋಯಿತು. ಅಲ್ಲಿ ಒಂದು ಚಮಚದಷ್ಟು ಕಂದು ಗುಡ್ಡೆ. ಮಿಗಾ ಅದರ ಸುತ್ತ ಮುಂಗಾಲಿನಿಂದ ಪರಪರ ನೆಲ ಕೆರೆಯುತ್ತಿತ್ತು.

"ಇವತ್ತು ನೋಡು ಇವಳ ಧಿಮಾಕು," ಎಂದರು ಎಲಿದಾ. "ಮೂಸಿ ಮುಖ ತಿರುಗಿಸ್ತಾಳೆ. ಮಣ್ಣು ಮುಚ್ಚೋ ಹಾಗೆ ಕೆರೀತಾಳೆ. ಹಾಳಾಗಿದ್ಯೋ ಏನೋ ಅಂತ ನಾನೇ ಒಂಚೂರು ನೆಕ್ಕಿ ನೋಡ್ದೆ."

ಸುಲ್ಮಾ ಬಗ್ಗಿ ಜಾಡಿಯನ್ನು ತನ್ನತ್ತ ಎಳೆದುಕೊಂಡಳು.

"ಈ ಸಲ ವೆನಿಲ್ಲಾ ಕಮ್ಮಿಯಾಗಿದೆ ಅನ್ಸುತ್ತೆ. ನನ್ನ ಬಾಯಿಗೆ ರುಚೀನೂ ನೆಟ್ಟಗೆ ತಿಳಿಯಲ್ಲ, ನಿಂಗೆ ಗೊತ್ತಲ್ಲ. ತಗೋ, ನೀನೊಂಚೂರು ನೋಡಿ ಹೇಳು," ಎಂದು ಎಲಿದಾ ಬೆನ್ನ ಹಿಂದಿನ ಚಮಚವನ್ನು ಮುಂದೆ ಚಾಚಿದರು.

ಕೆಳಗೆ ಮಿಗಾ, ಇಲ್ಲದ ಮಣ್ಣನ್ನು ಎಳೆದೆಳೆದು, ಮುಚ್ಚುತ್ತಲೇ ಇತ್ತು.