ನಿನ್ನನ್ನು ಬಿಟ್ಟರೆ ಯಾರು?

ತಿಪ್ಪೇಶಿ ಒಳಗೆ ಇಷ್ಟು ಹೊತ್ತು ವಿಭಾಗದ ಮುಖ್ಯಸ್ಥರ ಕಿವಿಯಲ್ಲಿ ಏನು ಊದುತ್ತಿದ್ದಾನೆ? ಪಾಠಕ್ಕೆ ಯಾರನ್ನು ಹಾಕಬೇಕೆಂದು ತೀರ್ಮಾನಿಸುವ ಮೊದಲು ಅವರು ಸಂಶೋಧನಾ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು ಒಂದೇ ಪ್ರಶ್ನೆ ಕೇಳುವುದು ಆ ವಿಭಾಗದ ರೂಢಿ: "ನಿನ್ನನ್ನು ಬಿಟ್ಟರೆ ಯಾರು?" ಒಂದು ಹೆಸರು ಹೇಳಿ ಬರಲು ಎಷ್ಟು ಹೊತ್ತು ಬೇಕು? ಈ ಸಲ ಖಾಲಿಯಿದ್ದದ್ದು ಒಂದೇ ಜಾಗ. ಅದರ ಸಂಬಳ ತಪ್ಪಿದರೆ, ತನ್ನ ಸರದಿ ಮುಗಿಸಿ ಹೊರಗೆ ಕಾಯುತ್ತಿದ್ದ ರುದ್ರಮುನಿ ಸಂಶೋಧನೆ ಬಿಟ್ಟು ಗಂಟುಮೂಟೆ ಕಟ್ಟಬೇಕು.

ಹೊರಬಂದ ತಿಪ್ಪೇಶಿ ಅವನ ಮುಖ ನೋಡಲಿಲ್ಲ.

"ಏನಪ್ಪಾ, ನನ್ನ ಬುಡಕ್ಕೆ ಬಿಸಿನೀರು ಹೊಯ್ದು ಬಂದ್ಯಾ?"

"ಟೀ ಕುಡಿಯೋಣ ಬಾರೋ."

"ಮೊದಲು ಯಾರ ಹೆಸರು ಹೇಳಿದೆ, ಅದನ್ನ ಹೇಳು."

"ನಿನ್ನದೇ. ನನಗೆ ಬೇಡ, ಅವನಿಗೇ ಕೊಡಿ ಅಂತ ಪಟ್ಟು ಹಿಡಿದು ಕೂತೆ. ಕೊನೆಗೆ ಒಪ್ಪಿದರು." ತಿಪ್ಪೇಶಿ ಮೆಟ್ಟಿಲಿಳಿಯುತ್ತಿದ್ದವನು ನಿಂತ. "ಆದರೆ ಯಾರೋ ನನ್ನ ಮೇಲೆ ಚಾಡಿ ಹೇಳಿದಾರೆ ಕಣೋ. ಹುಡುಗರ ಮುಂದೆ ನಿಂತರೆ ನನ್ನ ನಾಲಗೆ ತೊದಲುತ್ತಂತೆ. ಯಾರಿರಬಹುದು?"

"ಯಾರೋ ಹೊಟ್ಟೆಕಿಚ್ಚಿನವರು," ಎಂದ ರುದ್ರಮುನಿ.

ಆ ಚಾಡಿ ಹೇಳಿದವನು ತಾನೇ ಎಂದು ಅವನು ಕೊನೆಯವರೆಗೂ ಹೇಳಲಿಲ್ಲ.